ಪೋಸ್ಟರ್ ಓದುವವರು ನಿಂತಿರುವುದಿಲ್ಲ

ಅಚ್ಚಿನ ಕೆಲಸದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆಯುವ ಅಂಕಣ ಇದು. ಹೋದ ತಿಂಗಳು ಮದುವೆ ಪತ್ರಿಕೆಯ ಸರದಿ ಆಗಿತ್ತು. ಈ ತಿಂಗಳು ಬಂದವೆಲ್ಲ ಕಾಲೇಜಿನವರ ಪತ್ರಗಳೇ. ಕಾಲೇಜ್ ಡೇ, ಎನ್‌ಎಸ್‌ಎಸ್ ಶಿಬಿರ, ಅಂತರ ಕಾಲೇಜು ಸ್ಪರ್ಧೆ ಎಲ್ಲ ಒಟ್ಟಿಗೆ ಬರುವ ಕಾಲ ಅಲ್ವಾ! ಶಿವಮೊಗ್ಗದಲ್ಲಿ ಕಾಲೇಜೊಂದರ ಎದುರು ಅಂಗಡಿ ಇಟ್ಟುಕೊಂಡಿದ್ದವನು ನಾನು. 1989ರಲ್ಲಿ ಸ್ಕ್ರೀನ್ ಪ್ರಿಂಟಿಂಗ್‌ನಿಂದ ಶುರು ಮಾಡಿದೆ, ಆಮೇಲೆ ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕೂರಿಸುವ ಕೆಲಸಕ್ಕೆ ಇಳಿದೆ, 2019ರಲ್ಲಿ ಬಾಗಿಲು ಹಾಕಿದೆ. ಮೂವತ್ತು ವರ್ಷದಲ್ಲಿ ಮಾಡಿದ ಪೋಸ್ಟರ್‌ಗಳಿಗೆ ಲೆಕ್ಕ ಇಟ್ಟಿಲ್ಲ. ಮಾಡಿದ ತಪ್ಪುಗಳು ಮಾತ್ರ ಚೆನ್ನಾಗಿ ನೆನಪಿವೆ.

ಪ್ರಶ್ನೆ: ಸರ್, ನಾನು ನಮ್ಮ ಕಾಲೇಜಿನ ಸಾಂಸ್ಕೃತಿಕ ಕಾರ್ಯದರ್ಶಿ. ಜಾನಪದ ಹಬ್ಬಕ್ಕೆ ಎ3 ಅಳತೆಯ ಬಣ್ಣದ ಪೋಸ್ಟರ್ ಮಾಡಿಸಿ 80 ಕಡೆ ಅಂಟಿಸಿದೆವು. 400 ಜನ ಹಿಡಿಯುವ ಸಭಾಂಗಣಕ್ಕೆ 50 ಜನವೂ ಬರಲಿಲ್ಲ. ಪೋಸ್ಟರ್‌ನ ಫೋಟೊ ಜೊತೆಗಿಟ್ಟಿದ್ದೇನೆ. ತಪ್ಪು ಎಲ್ಲಾಯಿತು?
— ಬಿ.ಕಾಂ. ವಿದ್ಯಾರ್ಥಿ, ಹಾಸನ

ತಮ್ಮಾ, ನೀವು ಅಂಟಿಸಿದ್ದು ಪೋಸ್ಟರ್ ಅಲ್ಲ, ಆಹ್ವಾನ ಪತ್ರಿಕೆ. ಫೋಟೊ ದೊಡ್ಡದು ಮಾಡಿ ಎಣಿಸಿದೆ. ಹದಿನಾರು ಹೆಸರು, ಏಳು ಮುಖ, ಮೂರು ಲಾಂಛನ. ‘ಘನ ಉಪಸ್ಥಿತಿ’, ‘ಅಧ್ಯಕ್ಷತೆ’, ‘ಉದ್ಘಾಟನೆ’, ‘ಮುಖ್ಯ ಅತಿಥಿಗಳು’, ‘ವಿಶೇಷ ಆಹ್ವಾನಿತರು’. ಇಷ್ಟೆಲ್ಲ ದಾಟಿ ಹಬ್ಬದಲ್ಲಿ ಏನಿದೆ ಅಂತ ಹುಡುಕಿದರೆ ಕೆಳಗಿನ ಮೂಲೆಯಲ್ಲಿ ಡೊಳ್ಳು ಕುಣಿತ! ಊರಾಚೆಗೂ ಕೇಳುವ ಡೊಳ್ಳು ನಿಮ್ಮ ಪೋಸ್ಟರ್‌ನಲ್ಲಿ ಪಿಸುಗುಟ್ಟುತ್ತಿತ್ತು.

ಆಹ್ವಾನ ಪತ್ರಿಕೆಯನ್ನು ಜನ ಮನೆಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಕೈಯಲ್ಲಿ ಹಿಡಿದು ಓದುತ್ತಾರೆ. ತಮ್ಮ ಹೆಸರು ಇದೆಯೋ ಇಲ್ಲವೋ ಅಂತಲೂ ನೋಡುತ್ತಾರೆ. ಪೋಸ್ಟರ್ ಓದುವವರು ನಿಂತಿರುವುದಿಲ್ಲ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಫೋನು, ಹತ್ತು ಗಂಟೆಯ ಕ್ಲಾಸಿಗೆ ಆಗಲೇ ಐದು ನಿಮಿಷ ತಡ. ಅವರ ಕಣ್ಣು ಗೋಡೆಯ ಮೇಲೆ ಎರಡು ಮೂರು ಸೆಕೆಂಡ್ ಬಿದ್ದರೆ ದೊಡ್ಡದು. ಅಷ್ಟರಲ್ಲಿ ಒಂದೇ ಒಂದು ವಿಷಯ ತಲೆಗೆ ಹೋಗುತ್ತದೆ. ಅದು ಯಾವುದಿರಬೇಕು ಅಂತ ನೀವು ತೀರ್ಮಾನ ಮಾಡದಿದ್ದರೆ ಯಾವುದೂ ಹೋಗುವುದಿಲ್ಲ.

ಕಾಲೇಜಿನವರು ಯಾರೇ ಬಂದರೂ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. ‘ನಿಮ್ಮ ಗೆಳೆಯನನ್ನು ಕ್ಯಾಂಟೀನಿನಲ್ಲಿ ಹೇಗೆ ಕರೀತೀರಿ?’ ‘ಲೇ, ಶನಿವಾರ ಡೊಳ್ಳು ಇದೆ ಕಣೋ, ಮೂರು ಗಂಟೆಗೆ ಬಾ, ಗ್ರೌಂಡಲ್ಲಿ’ ಅಂತೀರಿ. ಪೋಸ್ಟರ್‌ಗೆ ಬೇಕಾದ ಮ್ಯಾಟರ್ ಅಷ್ಟೇ. ಗೆಳೆಯನನ್ನು ‘ಮಾನ್ಯರ ಘನ ಉಪಸ್ಥಿತಿಯಲ್ಲಿ’ ಅಂತ ಯಾರೂ ಕರೆಯುವುದಿಲ್ಲ.

ಈಗ ಅಳತೆ. ಹತ್ತು ಅಡಿ ದೂರದಿಂದ ಆರಾಮಾಗಿ ಓದಬೇಕಾದರೆ ಅಕ್ಷರ ಸುಮಾರು ಒಂದು ಇಂಚು ಎತ್ತರ ಇರಬೇಕು. ಬೋರ್ಡ್ ಬರೆಯುವವರ ಹಳೆಯ ಲೆಕ್ಕ ಇದು. ಕನ್ನಡದಲ್ಲಿ ಆ ಇಂಚನ್ನು ಒತ್ತು, ಗುಡಿಸು ಬಿಟ್ಟು, ಬರೀ ‘ಕ’ದ ಎತ್ತರಕ್ಕೆ ಹಿಡಿಯಿರಿ. ನಮ್ಮ ಅಕ್ಷರಗಳು ಗುಂಡಗೆ, ಅಗಲ. ಎ3 ಹಾಳೆಯ ಅಗಲ 297 ಮಿಲಿಮೀಟರ್. ಅಂಚು ಬಿಟ್ಟರೆ ಇಂಚಿನ ಅಕ್ಷರ ಒಂದು ಸಾಲಿಗೆ ಒಂಬತ್ತು ಹತ್ತು ಹಿಡಿಯುತ್ತದೆ. ‘ಡೊಳ್ಳು ಕುಣಿತ’ ಐದೇ ಅಕ್ಷರ. ಒಂದೂವರೆ ಇಂಚಿಗೆ ಹೋದರೂ ಕೂರುತ್ತದೆ. ‘ರಾಜ್ಯಮಟ್ಟದ ಅಂತರ ಕಾಲೇಜು ಜಾನಪದ ಸಾಂಸ್ಕೃತಿಕ ಮಹೋತ್ಸವ’ ಕೂರುವುದಿಲ್ಲ. ಅದನ್ನು ಸಣ್ಣಗೆ ಮೇಲೆ ಹಾಕಿ, ಯಾರಿಗೂ ಬೇಜಾರಿಲ್ಲ.

ಇಂಗ್ಲಿಷ್ ಪೋಸ್ಟರ್ ನೋಡಿ ಕಲಿತ ಹುಡುಗರು ಎರಡು ಕಡೆ ಎಡವುತ್ತಾರೆ. ಮೊದಲನೆಯದು ಸಾಲಿನ ಮಧ್ಯದ ಜಾಗ. ಇಂಗ್ಲಿಷ್‌ನಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೂ ನಡೆಯುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಇಳಿದು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ‘ಸ್ಪರ್ಧೆ’ ಕೆಳಗೆ ‘ವಿಜ್ಞಾನಿ’ ಬರೆದು ನೋಡಿ, ಗೊತ್ತಾಗುತ್ತದೆ. ಎರಡನೆಯದು, ನಮಗೆ ದೊಡ್ಡಕ್ಷರ ಸಣ್ಣಕ್ಷರ ಅಂತಿಲ್ಲ. ಒತ್ತಿ ಹೇಳಬೇಕಾದ್ದನ್ನು ಗಾತ್ರದಿಂದ, ದಪ್ಪದಿಂದ, ಇಲ್ಲವೇ ಬಣ್ಣದಿಂದಲೇ ಹೇಳಬೇಕು. ಹಾಗಂತ ಎಲ್ಲವನ್ನೂ ದಪ್ಪ ಮಾಡಿದರೆ ಯಾವುದೂ ದಪ್ಪ ಕಾಣುವುದಿಲ್ಲ.

ಹೆಸರುಗಳನ್ನು ಬಿಡುವುದು ಹೇಗೆ, ಪ್ರಾಂಶುಪಾಲರು ಒಪ್ಪುತ್ತಾರಾ ಅಂತ ನೀವು ಕೇಳುತ್ತೀರಿ, ಗೊತ್ತು. ಒಮ್ಮೆ ಒಬ್ಬ ಪ್ರಾಂಶುಪಾಲರು ನೇರ ನನ್ನ ಅಂಗಡಿಗೇ ಬಂದು ‘ನನ್ನ ಹೆಸರೇ ಇಲ್ಲವಲ್ರೀ’ ಅಂದರು. ತಳದಲ್ಲಿ ‘ಪ್ರಕಟಣೆ: ಪ್ರಾಂಶುಪಾಲರು’ ಅಂತ ಒಂದು ಸಾಲು ಸೇರಿಸಿ, ಅವರ ಹೆಸರು ಹಾಕಿ ತೋರಿಸಿದೆ. ಸಮಾಧಾನ ಆಯಿತು. ಅತಿಥಿಗಳ ಪೂರ್ತಿ ಪಟ್ಟಿಗೆ ಬೇರೆ ಆಹ್ವಾನ ಪತ್ರಿಕೆ ಮಾಡಿಸಿ, ಅವರ ಮನೆಗೇ ಹೋಗಿ ಕೊಡಿ. ಅವರಿಗೆ ಬೇಕಿರುವುದೂ ಅದೇ. ಕಡೇ ಗಳಿಗೆಯಲ್ಲಿ ಅತಿಥಿ ಬದಲಾದರೆ ಪೋಸ್ಟರ್ ಕೆಡುವುದಿಲ್ಲ, ಅದೊಂದು ಲಾಭ.

ಪ್ರಶ್ನೆ: ಪ್ರತಿ ವರ್ಷ ನಮ್ಮ ಪೋಸ್ಟರ್ ಗೋಡೆ ಹತ್ತುವುದು ಕಾರ್ಯಕ್ರಮದ ಹಿಂದಿನ ರಾತ್ರಿ. ಈ ಸಲವಾದರೂ ಸರಿಯಾಗಿ ಮಾಡಬೇಕು. ಎಷ್ಟು ದಿನ ಮುಂಚೆ ಶುರು ಮಾಡಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಕ್ಯಾಲೆಂಡರ್ ಎದುರಿಗೆ ಇಟ್ಟುಕೊಂಡು ಹಿಂದಕ್ಕೆ ಎಣಿಸಿ. ಕಾರ್ಯಕ್ರಮ ಶನಿವಾರ ಅಂತಿಟ್ಟುಕೊಳ್ಳಿ. ಅದಕ್ಕೆ ಮುಂಚಿನ ವಾರದ ಗುರುವಾರ ಪೋಸ್ಟರ್ ಗೋಡೆಯ ಮೇಲಿರಬೇಕು, ಅಂದರೆ ಒಂಬತ್ತು ದಿನ ಮುಂಚೆ. ಗುರುವಾರವೇ ಯಾಕೆ ಅಂದರೆ, ಹಾಸ್ಟೆಲ್ ಮಕ್ಕಳು ಶನಿವಾರ ಭಾನುವಾರ ಊರಿಗೆ ಹೋಗುತ್ತಾರೆ. ‘ಮುಂದಿನ ವಾರ ಬರಲ್ಲಮ್ಮ, ಕಾಲೇಜಲ್ಲಿ ಪ್ರೋಗ್ರಾಂ ಇದೆ’ ಅಂತ ಮನೆಯಲ್ಲಿ ಹೇಳಿ ಬರಲು ಅವರಿಗೆ ಒಂದು ವಾರದ ಕೊನೆ ಬೇಕು. ಇನ್ನೂ ಮುಂಚೆ ಅಂಟಿಸಿದರೆ ಗೋಡೆಯ ಜೊತೆ ಗೋಡೆಯಾಗಿ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಅಚ್ಚಿಗೆ ಮೂರು ದಿನ ಇಟ್ಟುಕೊಳ್ಳಿ. ಪ್ರೂಫ್, ಅಂದರೆ ಅಚ್ಚಿಗೆ ಮುಂಚೆ ತಪ್ಪು ಹುಡುಕಲು ತೆಗೆಯುವ ಮಾದರಿ ಹಾಳೆ, ನೋಡಲು ಒಂದು ಪೂರ್ತಿ ದಿನ. ಕಚೇರಿಯ ಒಪ್ಪಿಗೆ, ಮೊಹರು ಅಂತ ಎರಡು ದಿನ, ನಮ್ಮ ಕಡೆ ಅದು ಮೂರೂ ಆಗಬಹುದು. ವಿನ್ಯಾಸಕ್ಕೆ ಎರಡು ದಿನ. ಎಲ್ಲ ಸೇರಿಸಿದರೆ, ಏನು, ಎಲ್ಲಿ, ಯಾವಾಗ ಎನ್ನುವುದು ಕಾರ್ಯಕ್ರಮಕ್ಕೆ ಹದಿನೆಂಟು ದಿನ ಮುಂಚೆ ಪಕ್ಕಾ ಆಗಿರಬೇಕು. ತಡವಾಗುವುದು ಅಚ್ಚಿನವರಿಂದ ಅಂತ ಎಲ್ಲರೂ ದೂರುತ್ತಾರೆ. ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ತಡ ‘ಚೀಫ್ ಗೆಸ್ಟ್ ಇನ್ನೂ ಕನ್ಫರ್ಮ್ ಆಗಿಲ್ಲ ಸರ್’ ಎನ್ನುವುದರಿಂದಲೇ.

ಒಂದು ಸಣ್ಣ ವಿಷಯ. ಶುರುವಾಗುವ ಹೊತ್ತಿನ ಜೊತೆಗೆ ಮುಗಿಯುವ ಹೊತ್ತನ್ನೂ ಹಾಕಿ. ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿಗೆ ಐದೂವರೆಯ ಬಸ್ ಸಿಗುತ್ತದೋ ಇಲ್ಲವೋ ಎನ್ನುವುದೇ ಮೊದಲ ಪ್ರಶ್ನೆ. ‘ಮಧ್ಯಾಹ್ನ 3ರಿಂದ 5’ ಅಂತ ಕಂಡರೆ ಅವಳು ಉಳಿಯುತ್ತಾಳೆ. ‘3 ಗಂಟೆಗೆ’ ಅಂತ ಮಾತ್ರ ಇದ್ದರೆ ಎರಡೂವರೆಗೇ ಬಸ್‌ಸ್ಟ್ಯಾಂಡ್ ದಾರಿ ಹಿಡಿಯುತ್ತಾಳೆ.

ಪ್ರೂಫ್ ವಿಷಯಕ್ಕೆ ನನ್ನದೇ ಕಥೆ ಹೇಳುತ್ತೇನೆ. 2002ರಲ್ಲಿ ಒಂದು ಕಾಲೇಜಿನ ಕವಿಗೋಷ್ಠಿಗೆ ಪೋಸ್ಟರ್ ಮಾಡಿದ್ದೆ. ಫೆಬ್ರವರಿ 14, ಗುರುವಾರ. ಮುಂದಿನ ವರ್ಷವೂ ಅದೇ ತಾರೀಖಿಗೆ ಇಟ್ಟುಕೊಂಡರು. ನಾನು ಹಳೆಯ ಫೈಲ್ ತೆಗೆದು ವರ್ಷ ಬದಲಿಸಿದೆ, ವಾರ ಮರೆತೆ. 2003ರಲ್ಲಿ ಫೆಬ್ರವರಿ 14 ಶುಕ್ರವಾರ. ಪಾರ್ಟಿಯವರು, ಅಂದರೆ ಕೆಲಸ ಕೊಟ್ಟವರು, ಪ್ರೂಫ್ ನೋಡಿ ಸಹಿ ಹಾಕಿದ್ದರು, ಅವರೂ ಕಂಡುಹಿಡಿಯಲಿಲ್ಲ. ಗುರುವಾರ 13ಕ್ಕೆ ಬಂದವರು ಖಾಲಿ ಸಭಾಂಗಣ ನೋಡಿ ವಾಪಸ್ ಹೋದರು. ಸಂಜೆ ನಾನೂ ನನ್ನ ಹೆಂಡತಿಯೂ ಕೂತು ‘ಶುಕ್ರವಾರ’ ಅಂತ 200 ಚೀಟಿ ಕತ್ತರಿಸಿದೆವು. ಹುಡುಗರು ರಾತ್ರಿ ಟಾರ್ಚ್ ಹಿಡಿದುಕೊಂಡು ಹೋಗಿ ಒಂದೊಂದರ ಮೇಲೂ ಅಂಟಿಸಿ ಬಂದರು. ಆ ಸಲದ ಬಿಲ್ಲು ನಾನು ತೆಗೆದುಕೊಳ್ಳಲಿಲ್ಲ.

ಆಮೇಲಿಂದ ನನ್ನ ಅಂಗಡಿಯಲ್ಲಿ ಮೂರು ಕಟ್ಟಳೆ. ತಾರೀಖನ್ನೂ ವಾರವನ್ನೂ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ನೋಡುವುದು. ಪ್ರೂಫ್‌ನಲ್ಲಿರುವ ಫೋನ್ ನಂಬರಿಗೆ ಅಲ್ಲೇ ಕರೆ ಮಾಡುವುದು. ಮ್ಯಾಟರನ್ನು ಒಂದು ಸಲವೂ ನೋಡಿರದವರಿಂದ ಗಟ್ಟಿಯಾಗಿ ಓದಿಸುವುದು, ಪಕ್ಕದ ಟೀ ಅಂಗಡಿಯವರಾದರೂ ಸರಿ. ‘ಹಾರ್ದಿಕ ಸ್ವಾಗತ’ ಇರಬೇಕಾದ ಕಡೆ ‘ಆರ್ದಿಕ ಸ್ವಾಗತ’ ಇದ್ದದ್ದನ್ನು ಹಿಡಿದದ್ದು ಆ ಟೀ ಅಂಗಡಿಯವರೇ. ಕನ್ನಡ ಎಂ.ಎ. ಮಾಡಿದ ಇಬ್ಬರು ಅದನ್ನು ದಾಟಿ ಹೋಗಿದ್ದರು.

ಪ್ರಶ್ನೆ: ನಾನು ಮನೆಯಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ ಮ್ಯಾಟರ್ ಅಂಗಡಿಯಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತದೆ. ಯುನಿಕೋಡ್‌ನಲ್ಲಿ ಕಳಿಸಿದರೆ ಫೋಟೊಶಾಪ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಏನು ಮಾಡುವುದು?
— ಉಪನ್ಯಾಸಕಿ, ಉಡುಪಿ

ಮೇಡಂ, ಇದು ನಮ್ಮ ಕಸುಬಿನವರ ದಿನನಿತ್ಯದ ತಲೆನೋವು. ಹಳೆಯ ನುಡಿ ಫಾಂಟ್‌ಗಳಲ್ಲಿ ಕಂಪ್ಯೂಟರಿಗೆ ತಿಳಿಯುವುದು ಕನ್ನಡ ಅಕ್ಷರ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮುಖವಾಡ ಕಳಚುತ್ತದೆ. ತಲೆಗೆ ಟೋಪಿ, ಹೊಟ್ಟೆಗೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ.

ಯುನಿಕೋಡ್‌ನಲ್ಲಿ ಹಾಗಿಲ್ಲ, ಯಾವ ಕಂಪ್ಯೂಟರಿಗೆ ಹೋದರೂ ‘ಕ’ ಎಂದರೆ ‘ಕ’ವೇ. ನಿಮ್ಮ ಒತ್ತಕ್ಷರ ಒಡೆಯುವುದು ಫೋಟೊಶಾಪ್‌ನ ಸೆಟ್ಟಿಂಗ್‌ನಿಂದ. ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ. ಹೊಸ ಆವೃತ್ತಿಗಳಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಅಂತಿರುತ್ತದೆ, ಸ್ವಲ್ಪ ಹಳೆಯದರಲ್ಲಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷಿಯನ್’. ಅದನ್ನು ಆರಿಸಿ, ಫೋಟೊಶಾಪ್ ಮುಚ್ಚಿ ಮತ್ತೆ ತೆರೆಯಿರಿ. ಅಕ್ಷರಗಳು ಕೂಡಿಕೊಳ್ಳುತ್ತವೆ.

ನೋಟೊ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ ಎಲ್ಲ ಉಚಿತವಾಗಿ ಸಿಗುವ ಯುನಿಕೋಡ್ ಫಾಂಟ್‌ಗಳು. ತಲೆಬರಹಕ್ಕೆ ಬಲೂ ತಮ್ಮ ನನಗೆ ಇಷ್ಟ, ಗುಂಡಗೆ ದಪ್ಪಗೆ ದೂರಕ್ಕೆ ಕಾಣುತ್ತದೆ. ಶೋಕಸಭೆಗೆ ಮಾತ್ರ ಬಳಸಬೇಡಿ! ಅಕ್ಷರಗಳ ನಡುವಿನ ಅಂತರವನ್ನು ಎಳೆದು ಹೆಚ್ಚಿಸಲೂ ಹೋಗಬೇಡಿ. ಕೆಲವು ಫಾಂಟ್‌ಗಳಲ್ಲಿ ದೀರ್ಘ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ನಿಲ್ಲುತ್ತವೆ, ಜಗಳ ಆಡಿಕೊಂಡ ಗಂಡ ಹೆಂಡತಿ ಥರ.

ಎಲ್ಲ ಮುಗಿದ ಮೇಲೆ ಅಂಗಡಿಗೆ ಪಿಡಿಎಫ್ ಕೊಡಿ. ಕೋರೆಲ್‌ಡ್ರಾದಲ್ಲಿ ಮಾಡಿದ್ದರೆ ಕಂಟ್ರೋಲ್ ಮತ್ತು ಕ್ಯೂ ಒತ್ತಿ ಅಕ್ಷರವನ್ನು ಕರ್ವ್ಸ್ ಮಾಡಿ ಕೊಡಿ. ಆಮೇಲೆ ಅದು ಚಿತ್ರ, ಯಾವ ಫಾಂಟಿನ ಹಂಗೂ ಇಲ್ಲ. ಆದರೆ ಕರ್ವ್ಸ್ ಮಾಡುವ ಮುಂಚಿನ ಫೈಲ್ ಬೇರೆ ಇಟ್ಟುಕೊಂಡಿರಿ. ‘ಆರ್ದಿಕ’ ತಿದ್ದಬೇಕಾದರೆ ಅದೇ ಬೇಕು.

ಪ್ರಶ್ನೆ: 60 ಪೋಸ್ಟರ್ ಬೇಕು. ಒಬ್ಬರು ಆಫ್‌ಸೆಟ್ ಮಾಡಿಸಿ ಅಂತಾರೆ, ಇನ್ನೊಬ್ಬರು ಡಿಜಿಟಲ್ ಅಂತಾರೆ. ದುಡ್ಡು ಕಡಿಮೆ ಇದೆ.
— ವಿದ್ಯಾರ್ಥಿ ಸಂಘ, ಬಾಗಲಕೋಟೆ

60ಕ್ಕೆ ಡಿಜಿಟಲ್. ಆಫ್‌ಸೆಟ್‌ನಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್ (ಅಚ್ಚು ಹೊಡೆಯುವ ತಗಡು) ಮಾಡಬೇಕು. ಹತ್ತು ಹಾಳೆ ಹೊಡೆದರೂ ಸಾವಿರ ಹೊಡೆದರೂ ಆ ಖರ್ಚು ಅಷ್ಟೇ. ಹಾಗಾಗಿ ಸಂಖ್ಯೆ ಏರಿದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ. ಡಿಜಿಟಲ್‌ನಲ್ಲಿ ಪ್ಲೇಟ್ ಇಲ್ಲ, ಹಾಳೆಗೆ ಇಂತಿಷ್ಟು. ನೂರಿನ್ನೂರರ ಆಸುಪಾಸಿನಲ್ಲಿ ಇದ್ದರೆ ಎರಡೂ ಕಡೆ ರೇಟ್ ಕೇಳಿ.

ದುಡ್ಡು ತೀರಾ ಕಡಿಮೆ ಅಂದರೆ ನನ್ನ ಹಳೆಯ ಉಪಾಯ ಇದೆ. ಹಳದಿ ಇಲ್ಲವೇ ತಿಳಿ ಹಸಿರು ಬಣ್ಣದ ಕಾಗದ ತಂದು, ಒಂದೇ ಕಪ್ಪು ಬಣ್ಣದಲ್ಲಿ ಹೊಡೆಸಿ. ಸ್ಕ್ರೀನ್ ಪ್ರಿಂಟಿಂಗ್ ಕಾಲದಲ್ಲಿ ಬಣ್ಣಕ್ಕೊಂದು ಮೆಶ್ (ಬಣ್ಣ ಇಳಿಸುವ ಜಾಲರಿ ಪರದೆ) ಮಾಡಬೇಕಿತ್ತು, ಮೂರನೇ ಬಣ್ಣ ಅಂದರೆ ಪಾರ್ಟಿಯವರು ಎದ್ದು ಹೋಗುತ್ತಿದ್ದರು. ಆಗ ಕಾಗದದ ಬಣ್ಣವೇ ಕೈ ಹಿಡಿದದ್ದು. ಬಣ್ಣಬಣ್ಣದ ಹತ್ತು ಪೋಸ್ಟರ್ ಇರುವ ಬೋರ್ಡಿನ ಮೇಲೆ ಮೊದಲು ಕಾಣುವುದು ಈ ಹಳದಿ ಹಾಳೆಯೇ.

ಎ3ಗೆ ವಿನ್ಯಾಸ ಮಾಡಿ. ಎ ಸರಣಿಯ ಹಾಳೆಗಳಲ್ಲಿ ಎ3ಯನ್ನು ಅರ್ಧಕ್ಕೆ ಮಡಚಿದರೆ ಎ4, ಆಕಾರದ ಲೆಕ್ಕ ಮಾತ್ರ ಬದಲಾಗುವುದಿಲ್ಲ. ಅದೇ ಫೈಲ್ ಎ4ಗೆ ಇಳಿಸಿ ನೋಟಿಸ್ ಬೋರ್ಡಿಗೆ ಹಾಕಬಹುದು, ಎ2ಗೆ ಏರಿಸಿ ಗೇಟಿಗೆ ಹಾಕಬಹುದು. ಅಂಚಿನವರೆಗೂ ಬಣ್ಣ ಇದ್ದರೆ ಸುತ್ತ 3 ಮಿಲಿಮೀಟರ್ ಜಾಸ್ತಿ ಬಿಡಿ. ಇಲ್ಲದಿದ್ದರೆ ಕಟಿಂಗ್‌ನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಬೇಡಿ, ಅದು ಅಗಿದು ನುಂಗಿ ಸಣ್ಣದು ಮಾಡುತ್ತದೆ. ಎ3 ತುಂಬ ಚೊಕ್ಕವಾಗಿ ಬರಬೇಕಾದ ಚಿತ್ರಕ್ಕೆ 3508ಕ್ಕೆ 4961 ಪಿಕ್ಸೆಲ್ ಬೇಕು. ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿದರೆ ಮೂಲದ ಚಿತ್ರ ಹಾಗೇ ಹೋಗುತ್ತದೆ.

ಪ್ರಶ್ನೆ: ಎಐಗೆ ಹೇಳಿದರೆ ಒಂದೇ ನಿಮಿಷದಲ್ಲಿ ಪೋಸ್ಟರ್ ಬರುತ್ತದೆ. ಡಿಸೈನರ್ ಯಾಕೆ ಬೇಕು?
— ಬಿಸಿಎ ವಿದ್ಯಾರ್ಥಿ, ಬೆಂಗಳೂರು

ಬರಲಿ ಬಿಡಿ, ನನಗೇನೂ ಹೊಟ್ಟೆಕಿಚ್ಚಿಲ್ಲ, ಅಂಗಡಿ ಮುಚ್ಚಿಯಾಗಿದೆ. ಕನ್ನಡ ಅಕ್ಷರವನ್ನು ಜಿಲೇಬಿ ಅಂತ ಬೇರೆಯವರು ತಮಾಷೆ ಮಾಡುತ್ತಾರೆ. ಮೊಮ್ಮಗ ತೋರಿಸಿದ ಎಐ ಪೋಸ್ಟರ್‌ನಲ್ಲಿ ನಿಜಕ್ಕೂ ಜಿಲೇಬಿಯೇ ಇತ್ತು. ದೂರದಿಂದ ಕನ್ನಡ, ಹತ್ತಿರ ಹೋದರೆ ಯಾವ ಭಾಷೆಯೂ ಅಲ್ಲ. ಚಿತ್ರ ಬೇಕಾದರೆ ಅದರಿಂದ ಮಾಡಿಸಿಕೊಳ್ಳಿ, ಅಕ್ಷರ ಮಾತ್ರ ನೀವೇ ಟೈಪ್ ಮಾಡಿ ಕೂರಿಸಿ. ಚಿತ್ರದಲ್ಲಿ ಡೊಳ್ಳು ಬಾರಿಸುವವರ ಬೆರಳು ಎಷ್ಟಿವೆ ಅಂತಲೂ ಎಣಿಸಿ ನೋಡಿ. ಇನ್ನು ಡಿಸೈನರ್ ಬೇಕಾಗುವುದು ಏನನ್ನು ಬಿಡಬೇಕು ಅಂತ ಹೇಳುವುದಕ್ಕೆ. ಕೇಳಿದ್ದನ್ನೆಲ್ಲ ತುಂಬಿಕೊಡುವ ಕೆಲಸ ನನ್ನ ಅಂಗಡಿಯ ಹುಡುಗನೂ ಮಾಡುತ್ತಿದ್ದ.

ಪ್ರಶ್ನೆ: ಗೇಟಿನ ಹೊರಗೆ ಅಂಟಿಸಿದ ಪೋಸ್ಟರ್ ಮಳೆಗೆ ಹೋಗುತ್ತದೆ, ಉಳಿದದ್ದನ್ನು ದನ ತಿನ್ನುತ್ತವೆ. ಫ್ಲೆಕ್ಸ್ ಹಾಕಿಸಿಬಿಡೋಣವೇ?
— ಪದವಿ ವಿದ್ಯಾರ್ಥಿ, ಸಾಗರ

ನಿಮ್ಮ ಮಳೆಯ ಊರಿನ ಕಷ್ಟ ನನಗೆ ಗೊತ್ತು. ದನದ ಕಷ್ಟವೂ ಗೊತ್ತು. ದನ ತಿನ್ನುವುದು ಕಾಗದದ ಆಸೆಗಲ್ಲ, ಮೈದಾ ಅಂಟಿನ ಆಸೆಗೆ. 1993ರ ಹೊತ್ತಿಗೆ ಒಂದು ನಾಟಕದ 40 ಪೋಸ್ಟರ್ ಸಂಜೆ ಅಂಟಿಸಿ ಬಂದೆವು. ಬೆಳಿಗ್ಗೆ ನೋಡಿದರೆ ದನದ ಬಾಯಿ ಎಟುಕುವಷ್ಟು ಎತ್ತರದವರೆಗೆ ಎಲ್ಲ ಖಾಲಿ, ಮೇಲೆ ನಾಟಕದ ಹೆಸರು ಮಾತ್ರ ಉಳಿದಿತ್ತು. ತಾರೀಖು ದನದ ಹೊಟ್ಟೆಯಲ್ಲಿ. ಅಂಟಿಗೆ ಮೈಲುತುತ್ತ ಬೆರೆಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹುಳ ಬಾರದಿರಲಿ ಅಂತ ಹಿಂದೆ ಹಾಕುತ್ತಿದ್ದರು ನಿಜ, ಆದರೆ ಅದು ವಿಷ, ತಿಂದ ದನಕ್ಕೆ ಅಪಾಯ. ಆರು ಅಡಿಗಿಂತ ಮೇಲೆ ಅಂಟಿಸಿ, ಇಲ್ಲವೇ ಹಲಗೆಗೆ ಪಿನ್ ಮಾಡಿ ತೂಗುಹಾಕಿ.

ಫ್ಲೆಕ್ಸ್ ಬೇಡ. ಕರ್ನಾಟಕದಲ್ಲಿ 2016ರ ಮಾರ್ಚ್‌ನ ಪ್ಲಾಸ್ಟಿಕ್ ನಿಷೇಧದಲ್ಲಿ ಕೈಚೀಲದ ಜೊತೆ ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್ ಕೂಡ ಸೇರಿವೆ. ಎಲ್ಲ ಕಡೆ ಹಾಕಿದ್ದಾರಲ್ಲ ಅಂತೀರಿ. ಹಾಕಿದ್ದಾರೆ. ನೀವು ಹಾಕಬೇಡಿ. ಬಟ್ಟೆ ಬ್ಯಾನರ್ ಬರೆಸಿ, ಬರೆಯುವ ಕಲಾವಿದರು ಇನ್ನೂ ಇದ್ದಾರೆ. ಇನ್ನು ಹೊರಗಿನ ಗೋಡೆ ಅಂದರೆ ಯಾರದ್ದೋ ಗೋಡೆ. ಸಾರ್ವಜನಿಕ ಸ್ಥಳಗಳನ್ನು ಕೆಡಿಸದಂತೆ ತಡೆಯಲು ನಮ್ಮಲ್ಲಿ 1981ರಿಂದಲೇ ಕಾಯ್ದೆ ಇದೆ. ನಿಮ್ಮ ಜನ ಇರುವುದು ಕಾಂಪೌಂಡಿನ ಒಳಗೆ ತಾನೇ? ಹಾಸ್ಟೆಲ್ ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಲ್ಲುವ ಸಾಲು, ನೀರಿನ ಫಿಲ್ಟರ್ ಪಕ್ಕ, ಜೆರಾಕ್ಸ್ ಅಂಗಡಿ, ಗ್ರಂಥಾಲಯದಲ್ಲಿ ಬ್ಯಾಗ್ ಇಡುವ ಜಾಗ. ಪೋಸ್ಟರ್ ಓದುವವರು ನಿಂತಿರುವುದಿಲ್ಲ ಅಂತ ಮೇಲೆ ಹೇಳಿದೆನಲ್ಲ, ಇಲ್ಲಿ ಮಾತ್ರ ನಿಂತಿರುತ್ತಾರೆ. ಸಣ್ಣ ಅಕ್ಷರದ ವಿವರವೂ ಇಲ್ಲಿ ನಡೆಯುತ್ತದೆ. ಮಳೆಯೂ ಬರುವುದಿಲ್ಲ, ದನವೂ ಬರುವುದಿಲ್ಲ.

ಪ್ರಶ್ನೆ: ದೆಹಲಿಯಲ್ಲಿ ಓದುತ್ತಿದ್ದೇನೆ. ಗೆಳತಿ ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತಿದ್ದಾಳೆ. ಅಚ್ಚಿನ ಪೋಸ್ಟರ್ ಹಾಕುವಂತಿಲ್ಲವಂತೆ. ಕೈಯಲ್ಲಿ ಬರೆದು ನನಗೆ ಅಭ್ಯಾಸ ಇಲ್ಲ.
— ಎಂ.ಎ. ವಿದ್ಯಾರ್ಥಿನಿ, ಮೂಲತಃ ಧಾರವಾಡದವರು

ಹೌದು, ಅದು ಲಿಂಗ್ಡೋ ಸಮಿತಿಯ ನಿಯಮ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ಸಮಿತಿ 2006ರಲ್ಲಿ ಕೊಟ್ಟ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಅಚ್ಚಿನ ಪೋಸ್ಟರ್ ಇಲ್ಲ, ಕೈಯಲ್ಲಿ ಮಾಡಿದ್ದು ಮಾತ್ರ, ಅದೂ ಗೊತ್ತುಪಡಿಸಿದ ಜಾಗದಲ್ಲಿ. ಅಭ್ಯರ್ಥಿಯ ಖರ್ಚಿಗೆ 5000 ರೂಪಾಯಿಯ ಮಿತಿ. ಅಚ್ಚಿನವನಾಗಿ ನನಗೆ ನಷ್ಟದ ನಿಯಮ, ಆದರೂ ಒಳ್ಳೆಯದೇ ಅನ್ನಿಸುತ್ತದೆ.

ಚಾರ್ಟ್ ಹಾಳೆ ತನ್ನಿ. ನೇರ ಅದರ ಮೇಲೆ ಬರೆಯಬೇಡಿ, ಮೊದಲು ಹಳೆಯ ಪೇಪರಿನ ಮೇಲೆ ಅದೇ ಗಾತ್ರದಲ್ಲಿ ಬರೆದು ನೋಡಿ. ಗೆರೆ ಹಾಕಲು ಗೋಡೆ ಬರಹದವರ ಉಪಾಯ ಇದೆ. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಇಬ್ಬರು ಎರಡು ಕಡೆ ಬಿಗಿಯಾಗಿ ಹಿಡಿದು, ಮಧ್ಯದಲ್ಲಿ ಎಳೆದು ಬಿಡುವುದು. ನೆಟ್ಟಗೆ ಗೆರೆ ಬೀಳುತ್ತದೆ, ಒರೆಸಿದರೆ ಹೋಗುತ್ತದೆ. ಬಿಳಿ ಹಾಳೆಯಾದರೆ ಬಟ್ಟೆಗೆ ಹಾಕುವ ನೀಲಿ ಪುಡಿ ಬಳಸಿ, ಆದರೆ ಕೈ ಒದ್ದೆ ಇರಬಾರದು. ಅಕ್ಷರ ಎಣಿಸಿ ಮಧ್ಯದ ಅಕ್ಷರದಿಂದ ಎರಡೂ ಕಡೆಗೆ ಬರೆಯುತ್ತಾ ಹೋಗಿ. ಎಡದಿಂದ ಶುರು ಮಾಡಿದವರ ಕೊನೆಯ ಎರಡು ಅಕ್ಷರ ಯಾವಾಗಲೂ ಅಂಚಿನಲ್ಲಿ ಉಸಿರುಗಟ್ಟಿ ನಿಂತಿರುತ್ತವೆ. ಚಪ್ಪಟೆ ಬ್ರಷ್ಷು ತೆಗೆದುಕೊಳ್ಳಿ, ಸ್ಕೆಚ್ ಪೆನ್ ಬೇಡ, ಹತ್ತಡಿಗೆ ಕಾಣುವುದಿಲ್ಲ. ಹಿಂದಿಯಲ್ಲಿ ಬರೆಯುತ್ತೀರಾದರೆ ಆ ಭಾಷೆಯವರೊಬ್ಬರಿಂದ ಓದಿಸಿಯೇ ಅಂಟಿಸಿ. ‘ಆರ್ದಿಕ’ ಎಲ್ಲ ಭಾಷೆಯಲ್ಲೂ ಇರುತ್ತದೆ.

ಪ್ರಶ್ನೆ: ರಕ್ತದಾನ ಶಿಬಿರದ ಪೋಸ್ಟರ್‌ಗೆ ಪ್ರತಿ ವರ್ಷ ಅದೇ ಕೆಂಪು ಹನಿ, ಅದೇ ‘ರಕ್ತದಾನ ಮಹಾದಾನ’. ಹೊಸದಾಗಿ ಏನು ಮಾಡಬಹುದು? ಕ್ಯೂಆರ್ ಕೋಡ್ ಹಾಕಬೇಕು ಅಂತಲೂ ಇದೆ.
— ಎನ್‌ಎಸ್‌ಎಸ್ ಅಧಿಕಾರಿ, ಕೋಲಾರ

ಕೆಂಪು ಹನಿ ಇರಲಿ, ನೋಡಿದ ಕೂಡಲೇ ವಿಷಯ ಗೊತ್ತಾಗುತ್ತದೆ. ಘೋಷಣೆ ತೆಗೆಯಿರಿ. ರಕ್ತ ಕೊಡುವುದು ಒಳ್ಳೆಯದು ಅಂತ ಮಕ್ಕಳಿಗೆ ಗೊತ್ತಿದೆ. ‘ನಾನು ಕೊಡಬಹುದಾ’ ಅಂತ ಗೊತ್ತಿಲ್ಲ. ಅಲ್ಲೇ ಬಾಗಿಲಲ್ಲಿ ನಿಂತು ವಾಪಸ್ ಹೋಗುತ್ತಾರೆ. ಅದನ್ನೇ ಬರೆಯಿರಿ: ವಯಸ್ಸು 18 ತುಂಬಿದೆಯೇ, ತೂಕ 45 ಕಿಲೋ ಇದೆಯೇ, ಹಿಮೋಗ್ಲೋಬಿನ್ 12.5 ಇದೆಯೇ (ಶಿಬಿರದಲ್ಲೇ ನೋಡುತ್ತಾರೆ), ಹಿಂದೆ ಕೊಟ್ಟು ಗಂಡಸರಾದರೆ 90 ದಿನ, ಹೆಂಗಸರಾದರೆ 120 ದಿನ ಆಗಿದೆಯೇ. ಅದರ ಕೆಳಗೆ ದಪ್ಪಗೆ ‘ಊಟ ಮಾಡಿಕೊಂಡು ಬನ್ನಿ’. ನಾನು ಮಾಡಿದ ಪೋಸ್ಟರ್‌ಗಳಲ್ಲಿ ಹುಡುಗರು ಜಾಸ್ತಿ ನೆನಪಿಟ್ಟುಕೊಂಡ ಸಾಲು ಅದೇ.

ಕ್ಯೂಆರ್ ಕೋಡ್ ಅನ್ನು ಕೈಯಳತೆಯಲ್ಲಿ ನಿಂತು ಸ್ಕ್ಯಾನ್ ಮಾಡುವುದಾದರೆ ನಾಲ್ಕೈದು ಸೆಂಟಿಮೀಟರ್ ಇರಲಿ. ಬಿಳಿಯ ಮೇಲೆ ಕಪ್ಪು, ಸುತ್ತ ಖಾಲಿ ಜಾಗ. ಚೆಂದಕ್ಕೆ ಅಂತ ಕೆಂಪು ಹನಿಯೊಳಗೆ ತುರುಕಬೇಡಿ. ಉಚಿತ ಎಂದು ಹೇಳಿ ಕೆಲವು ದಿನದ ಮೇಲೆ ಕೋಡ್ ನಿಲ್ಲಿಸಿ ದುಡ್ಡು ಕೇಳುವ ಜಾಲತಾಣಗಳಿವೆ, ಎಚ್ಚರ. ಪ್ರೂಫ್ ಹಾಳೆಯನ್ನು ಗೋಡೆಗೆ ಅಂಟಿಸಿ, ಹಳೆಯ ಫೋನಿನಿಂದ ಸ್ಕ್ಯಾನ್ ಮಾಡಿ ನೋಡಿ. ಫೋನ್ ಇಲ್ಲದವರಿಗೆ ‘ಎನ್‌ಎಸ್‌ಎಸ್ ಕೊಠಡಿಯಲ್ಲಿ ಹೆಸರು ಕೊಡಿ’ ಅಂತ ಒಂದು ಸಾಲು ಇರಲೇಬೇಕು.

ಪ್ರಶ್ನೆ: ಕಾರ್ಯಕ್ರಮ ಮುಗಿದ ಮೇಲೆ ಪೋಸ್ಟರ್ ತೆಗೆಯುವುದು ಯಾರ ಕೆಲಸ? ನಮ್ಮಲ್ಲಿ ಇದಕ್ಕೇ ಜಗಳ.
— ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಅಂಟಿಸಿದವರದ್ದೇ, ಪುಟ್ಟಾ. ಯಾವ ಕಡೆ ಎಷ್ಟು ಅಂಟಿಸಿದಿರಿ ಅಂತ ಅವತ್ತೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಗಿದ ಮಾರನೇ ದಿನ ಅದೇ ಚೀಟಿ ಹಿಡಿದು ಹೋಗಿ. ಸೆಲ್ಲೊಟೇಪ್ ಎಳೆದರೆ ಬಣ್ಣ ಕಿತ್ತು ಬರುತ್ತದೆ, ನಿಧಾನ. ನಮ್ಮ ಅಂಗಡಿಗೆ ಹಳೆಯ ಪೋಸ್ಟರ್ ಹತ್ತು ವಾಪಸ್ ತಂದವರಿಗೆ ಮುಂದಿನ ಕೆಲಸದಲ್ಲಿ ಸ್ವಲ್ಪ ರೇಟ್ ಇಳಿಸುತ್ತಿದ್ದೆ. ಒಂದು ಮಗ್ಗುಲು ಖಾಲಿ ಇರುತ್ತದಲ್ಲ, ಕತ್ತರಿಸಿ ಹೊಲಿದು ರಫ್ ಪುಸ್ತಕ ಮಾಡುತ್ತಿದ್ದೆವು. ನನ್ನ ಮಗಳು ಎಸ್‌ಎಸ್‌ಎಲ್‌ಸಿ ಗಣಿತವನ್ನೆಲ್ಲ ಮಾಡಿದ್ದು ತಪ್ಪು ವಾರ ಬಿದ್ದ ಆ ಕವಿಗೋಷ್ಠಿಯ ಬೆನ್ನಿನ ಮೇಲೆ.